ಮೇಷ್ಟ್ರು ತುಂಬಿದ ಗಾಳಿ

ಬಂದರಿನ ಹಿಂದಿನ ಬೀದಿಯ ಕೊನೆಯ ಮನೆಯವರನ್ನು ಎಲ್ಲರೂ ಗಾಳಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಜನ್ಮದಲ್ಲಿ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಂಜುಗಡ್ಡೆ ಕಾರ್ಖಾನೆಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಾ ಕೂದಲು ಹಣ್ಣು ಮಾಡಿಕೊಂಡವರು. ನಿವೃತ್ತಿಯಾದ ಮೇಲೆ ಹಿತ್ತಲಿನ ಕೋಣೆಯಲ್ಲಿ ಹಳೆಯದೊಂದು ಕಂಪ್ರೆಸರ್ ತಂದಿಟ್ಟುಕೊಂಡು, ನೀರಿನಡಿ ಕೆಲಸ ಮಾಡುವ ಡೈವರ್‌ಗಳ ಸಿಲಿಂಡರಿಗೆ ಉಸಿರಾಡುವ ಗಾಳಿ ತುಂಬಿಕೊಡುತ್ತಿದ್ದರು. ಸಿಲಿಂಡರ್ ತುಂಬುವಷ್ಟು ಹೊತ್ತೂ, ಅದನ್ನು ತಂದವನ ಕಿವಿಗೆ ಉಪದೇಶ ತುಂಬುತ್ತಿದ್ದರು. ಗಾಳಿ ಹೆಚ್ಚಾದರೆ ವಾಲ್ವ್ ತಿರುಗಿಸಿ ಹೊರಗೆ ಬಿಡಬಹುದು. ಉಪದೇಶಕ್ಕೆ ಅಂಥ ಸೌಕರ್ಯವಿರಲಿಲ್ಲ. ಹೀಗೆ ಅವರಿಗೆ ಮೇಷ್ಟ್ರು ಎಂಬ ಬಿರುದು ಬಂತು, ಬಂದದ್ದು ಅವರಿಗೆ ಹಿಡಿಸಿತು.

ಕೆಲಸದಲ್ಲಿ ಮಾತ್ರ ಅವರನ್ನು ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಸಿಲಿಂಡರ್ ಬಂದರೆ ಮೊದಲು ಅದರ ಬಾಯಿ ಬಿಚ್ಚಿ, ಒಳಗೆ ಸಣ್ಣ ದೀಪ ಇಳಿಬಿಟ್ಟು, ಹಲ್ಲಿನ ಡಾಕ್ಟರ ಹಾಗೆ ಒಂದು ಕಣ್ಣು ಮುಚ್ಚಿ ತುಕ್ಕು ಹುಡುಕುತ್ತಿದ್ದರು. ಪರೀಕ್ಷೆಯ ಗಡುವು ಮೀರಿದ ಸಿಲಿಂಡರನ್ನು ತಮ್ಮ ಸ್ವಂತ ಭಾವಮೈದುನ ತಂದರೂ ಮುಟ್ಟುತ್ತಿರಲಿಲ್ಲ. ಭಾವಮೈದುನ ಆಮೇಲೆ ಮನೆಗೆ ಬರುವುದನ್ನೇ ಬಿಟ್ಟ, ಅದೂ ಒಂದು ಲಾಭವೆಂದೇ ಅವರು ಎಣಿಸಿದರು. ಅವಸರದಲ್ಲಿ ತುಂಬಿದರೆ ಸಿಲಿಂಡರ್ ಕಾಯುತ್ತದೆಂದು ನಿಧಾನವಾಗಿ ತುಂಬುತ್ತಿದ್ದರು. ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಮಾಡಿನ ಮೇಲೆ, ಬೀದಿಯ ಲಾರಿ ಹೊಗೆಯೂ ಅಡುಗೆಮನೆಯ ಹೊಗೆಯೂ ತಾಗದಷ್ಟು ಎತ್ತರಕ್ಕೆ ಏರಿಸಿದ್ದರು. "ಮೇಲೆ ಕುಡಿದ ಹೊಗೆ ಕೆಮ್ಮು ತರ್ತದೆ, ನೀರಿನಡಿ ಕುಡಿದ ಹೊಗೆ ಹೆಣ ತರ್ತದೆ" ಎನ್ನುವುದು ಅವರ ಉಪದೇಶದ ಒಂದನೇ ಪಾಠ.

ಎರಡನೇ ಪಾಠ ಎಣ್ಣೆಯದು. ಒತ್ತಡದಲ್ಲಿರುವ ಆಮ್ಲಜನಕಕ್ಕೆ ಒಂದು ತೊಟ್ಟು ಎಣ್ಣೆಯ ಜಿಡ್ಡು ಸಿಕ್ಕಿದರೂ ಸಾಕು, ಬೆಂಕಿ ಕಡ್ಡಿ ಬೇಕಾಗುವುದಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ. ಈ ಮಾತು ಅಕ್ಷರಶಃ ನಿಜ. ನಿಜವಾದ ಮಾತನ್ನು ಹಿಡಿದುಕೊಂಡವನಷ್ಟು ಕಾಟವನ್ನು ಸುಳ್ಳು ಹೇಳುವವನೂ ಕೊಡುವುದಿಲ್ಲವೆಂಬುದಕ್ಕೆ ಮೇಷ್ಟ್ರ ಹೆಂಡತಿಯೇ ಸಾಕ್ಷಿ. ಆಕೆ ತಲೆಗೆ ಎಣ್ಣೆ ಹಚ್ಚಿದ ದಿನ ಹಿತ್ತಲಿಗೆ ಕಾಲಿಡುವಂತಿರಲಿಲ್ಲ. ಮೇಷ್ಟ್ರು ಕೋಣೆಗೆ ಹೋಗುವ ಮುನ್ನ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಳ್ಳಲು ತಮ್ಮದೇ ಒಂದು ಬೇರೆ ಬಟ್ಟೆ ಇಟ್ಟುಕೊಂಡು, ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋಗುತ್ತಿದ್ದರು. ಆಪರೇಷನ್ ಮಾಡುವ ಡಾಕ್ಟರುಗಳು ಇವರನ್ನು ನೋಡಿದ್ದರೆ ನಾಚಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಎಣ್ಣೆಗೆ ಅನುಮತಿ ಇದ್ದದ್ದು ಒಂದೇ ಕಡೆ: ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹೆಂಡತಿಯನ್ನು ಕಾಯಲು.

ಮೂರನೇ ಪಾಠ ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ಆಳದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವವರು ಸಾದಾ ಗಾಳಿಯ ಬದಲು ನೈಟ್ರಾಕ್ಸ್ ಎಂಬ ಮಿಶ್ರಣ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಭಾಗ ಆಮ್ಲಜನಕ. ಈ ಮಿಶ್ರಣದಲ್ಲಿ ಅದನ್ನು ಮೂವತ್ತೆರಡಕ್ಕೆ ಏರಿಸಿರುತ್ತಾರೆ. ಏರಿಸಿದಷ್ಟೂ ಒಳ್ಳೆಯದೆಂದು ತಿಳಿದವನು ಕೆಟ್ಟ. ಆಳಕ್ಕೆ ಹೋದ ಹಾಗೆಲ್ಲ ಅದೇ ಆಮ್ಲಜನಕ ವಿಷವಾಗುತ್ತದೆ; ಮೈ ಸೆಟೆದು, ಬಾಯಿಯ ಕೊಳವೆ ಜಾರಿ, ಮನುಷ್ಯ ನೀರು ಕುಡಿದು ಸಾಯುತ್ತಾನೆ. ಮೂವತ್ತೆರಡಕ್ಕೆ ಇಷ್ಟು ಆಳ, ಮೂವತ್ತಾರಕ್ಕೆ ಅದಕ್ಕಿಂತ ಕಡಿಮೆ ಎಂದು ಲೆಕ್ಕವಿದೆ. "ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಅಂದವರು ಡೈವರ್ ಆಗಿರಬೇಕು" ಎಂದು ಮೇಷ್ಟ್ರು ಪ್ರತಿಯೊಬ್ಬರಿಗೂ ಹೇಳಿ, ತಾವೇ ಮೊದಲು ನಗುತ್ತಿದ್ದರು. ಆದ್ದರಿಂದ ಮಿಶ್ರಣವನ್ನು ಉಸಿರಾಡುವವನು, ಅದರಲ್ಲಿ ಆಮ್ಲಜನಕ ಎಷ್ಟಿದೆಯೆಂದು ತಾನೇ ಮೀಟರ್ ಹಿಡಿದು ಅಳೆಯಬೇಕು. ತುಂಬಿದವನು ದೇವರಾದರೂ ನಂಬಬಾರದು. ಈ ಮಾತನ್ನು ಅವರು ಕೋಣೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು.

ಬರೆಸಿದ್ದೇನೋ ಹೌದು. ಆದರೆ ಒಮ್ಮೆ ಹೊಸದಾಗಿ ಬಂದ ಡೈವರೊಬ್ಬ ಅದನ್ನು ಓದಿ, ಬರೆದದ್ದು ಪಾಲಿಸಲಿಕ್ಕೆಂದು ತಿಳಿದು, ಚೀಲದಿಂದ ಸ್ವಂತ ಮೀಟರ್ ತೆಗೆದು ಮೇಷ್ಟ್ರ ಕಣ್ಣೆದುರೇ ಸಿಲಿಂಡರಿಗೆ ಹಿಡಿದ. ಮುಂದಿನ ಸಲದಿಂದ ಅವನ ಸಿಲಿಂಡರ್ ಯಾವಾಗ ನೋಡಿದರೂ ಸಾಲಿನ ಕೊನೆಯಲ್ಲಿರುತ್ತಿತ್ತು, ಅವನ ನಮಸ್ಕಾರಕ್ಕೆ ಮೇಷ್ಟ್ರ ಕಿವಿ ಮಂದವಾಗುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಹೆಂಡತಿ ಅಡುಗೆಮನೆಯಿಂದಲೇ ಗೊಣಗಿದಳು. ಅಂದಿನಿಂದ ಆ ಹಿತ್ತಲಿನಲ್ಲಿ ಯಾರೂ ಮೀಟರ್ ಹೊರಗೆ ತೆಗೆಯಲಿಲ್ಲ. ಇದು ಜನರಲ್ಲಿ ತಮ್ಮ ಮೇಲೆ ತಾನಾಗಿ ಬೆಳೆದ ವಿಶ್ವಾಸವೆಂದು ಮೇಷ್ಟ್ರು ಅರ್ಥ ಮಾಡಿಕೊಂಡರು. ಸಂಜೆ ಕಟ್ಟೆಯ ಮೇಲೆ ಕೂತಾಗ ಹೇಳುವುದಕ್ಕೆ ಅವರಿಗೆ ಇದೊಂದು ಮಾತು ಖಾಯಂ ಸಿಕ್ಕಿತು: "ಅಳೀಬೇಕು ಅಂತ ನಾನೇ ಬೋರ್ಡ್ ಹಾಕಿದೀನಿ. ಆದ್ರೂ ಇವತ್ತಿನವರೆಗೆ ನನ್ನ ಗಾಳಿನ ಒಬ್ಬರೂ ಅಳೆದಿಲ್ಲ."

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಹೆಂಡತಿ ಮೀನು ಹುರಿಯುವವರೆಗೆ. ಹುರಿಯುವುದೆಂದರೆ ಮೇಷ್ಟ್ರು ಊರಲ್ಲಿಲ್ಲದ ದಿನ ನೋಡಿ, ಕಿಟಕಿ ಮುಚ್ಚಿ, ಕದ್ದು ಮಾಡುವ ಕೆಲಸ. ಆ ದಿನ ಮೇಷ್ಟ್ರು ಅರ್ಧ ದಾರಿಯಿಂದ ಹಿಂತಿರುಗಿದರು. ಬಾಣಲೆಯ ಹೊಗೆ ಹಿತ್ತಲು ದಾಟಿ ಕೋಣೆಯ ಕಿಟಕಿಯಿಂದ ಒಳಗೆ ಹೋಗುತ್ತಿರುವುದನ್ನು ಅವರು ಕಣ್ಣಾರೆ ಕಂಡರು. ಎಣ್ಣೆಯ ಹೊಗೆ ಆಮ್ಲಜನಕದ ಕೊಳವೆಗಳ ಮೇಲೆ ಕೂತರೆ ಏನು ಗತಿ ಎಂದು ಮನೆ ಮಾಡು ಹಾರಿಹೋಗುವಂತೆ ಕೂಗಾಡಿ, ಮರುದಿನವೇ ಕಿಟಕಿಗೆ ಹಲಗೆ ಹೊಡೆಸಿ, ಸಂದುಗೊಂದಿಗೆ ಪುಟ್ಟಿ ಮೆತ್ತಿ, ಬಾಗಿಲ ಸುತ್ತ ರಬ್ಬರ್ ಪಟ್ಟಿ ಅಂಟಿಸಿದರು. ಇರುವೆ ಒಳಗೆ ಹೋಗಬೇಕಾದರೂ ಅವರ ಅಪ್ಪಣೆ ಬೇಕಾಯಿತು.

"ಗಾಳಿ ಕೋಣೆಗೆ ಗಾಳಿನೇ ಬೇಡ್ವೇನ್ರೀ?" ಎಂದು ಹೆಂಡತಿ ಕೇಳಿದಳು.

"ಕಂಪ್ರೆಸರ್‌ಗೆ ಗಾಳಿ ಮೇಲಿಂದ ಬರ್ತದೆ. ನಿನಗೆ ಇದೆಲ್ಲ ಅರ್ಥ ಆಗಲ್ಲ" ಎಂದರು ಮೇಷ್ಟ್ರು.

"ನಿಮಗೆ ಉಸಿರು ಕಟ್ಟಿದ್ರೆ?"

"ಆಮ್ಲಜನಕದ ಪಕ್ಕದಲ್ಲಿ ಕೂತವನಿಗೆ ಉಸಿರು ಕಟ್ತದಾ?"

ಇಷ್ಟಕ್ಕೂ ಬಿಡಲಿಲ್ಲ. ಆಮ್ಲಜನಕದ ದೊಡ್ಡ ಸಿಲಿಂಡರಿನ ಜೋಡಣೆಗಳಿಗೆ ವಾರಕ್ಕೊಮ್ಮೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಬರುತ್ತದೆಯೇ ಎಂದು ನೋಡುವ ಪದ್ಧತಿ ಅವರಲ್ಲಿತ್ತು. ಗುಳ್ಳೆ ಬಂದರೆ ಸೋರಿಕೆ ಎಂದು ಅರ್ಥ. ಆ ವಾರ ನೊರೆ ಕಲಸುತ್ತಿರುವಾಗ ಅವರಿಗೆ ಜ್ಞಾನೋದಯವಾಯಿತು: ಸಾಬೂನು ಮಾಡುವುದೇ ಎಣ್ಣೆಯಿಂದ. ಇಷ್ಟು ದಿನ ನನ್ನ ಕೈಯಾರೆ ಆಮ್ಲಜನಕಕ್ಕೆ ಎಣ್ಣೆ ಬಳಿಯುತ್ತಿದ್ದೆನಲ್ಲ ಎಂದು ಬೆವರಿ, ಬಟ್ಟಲನ್ನು ಹಾಗೆಯೇ ಚರಂಡಿಗೆ ಸುರಿದರು. ಅದಕ್ಕೆಂದೇ ಮಾರುವ ಬೇರೆ ದ್ರವವಿದೆ, ತರಿಸಬೇಕು ಎಂದುಕೊಂಡರು. ತರಿಸುವುದು ಮರೆತುಹೋಯಿತು. ಸಾಬೂನನ್ನು ಬಿಟ್ಟದ್ದು ಮಾತ್ರ ಮರೆಯದೆ ಎಲ್ಲರಿಗೂ ಹೇಳಿದರು.

ಇಂಥ ಮನೆಗೆ ಸೊಸೆ ಬಂದಳು. ಮೇಷ್ಟ್ರ ಒಬ್ಬನೇ ಮಗನೂ ಡೈವರ್. ಮುಳುಗಿದ ಬಾರ್ಜ್ ಎಂಬ ಸರಕು ದೋಣಿಗಳಿಗೆ, ಬಂಡೆಗಳಿಗೆ ಸಿಕ್ಕಿಕೊಂಡ ಬಲೆಗಳನ್ನು ಕತ್ತರಿಸಿ ತೆಗೆಯುವುದು ಅವನ ಕೆಲಸ. ಸೊಸೆ ಹಡಗಿನ ತಳಕ್ಕೆ ಇಳಿದು, ಬಿರುಕು ಬಿಟ್ಟಿದೆಯೇ ಎಂದು ನೋಡಿ ಫೋಟೋ ತೆಗೆಯುವವಳು. ಹುಡುಗಿ ಮಾತು ಕಡಿಮೆ, ಕೆಲಸ ಹೆಚ್ಚು. ಉಪದೇಶ ಮಾಡುವಾಗ ಆಕಳಿಸದೆ ಕೇಳುತ್ತಾಳೆಂದು ಮೇಷ್ಟ್ರಿಗೆ ಅವಳ ಮೇಲೆ ಬಹಳ ಅಭಿಮಾನ. ಅವಳಿಗೆ ಬೇಕಾದ ಸಿಲಿಂಡರನ್ನು ಕಂಪನಿಯವರೇ ಕೊಡುತ್ತಿದ್ದುದರಿಂದ, ಮಾವನ ಗಾಳಿಯ ರುಚಿ ನೋಡುವ ಭಾಗ್ಯ ಅವಳಿಗೆ ಇನ್ನೂ ಒದಗಿರಲಿಲ್ಲ. ಒಂದು ದಿನ ಕಂಪನಿಯ ಕಂಪ್ರೆಸರ್ ಕೆಟ್ಟು, ಅವಳ ಸಿಲಿಂಡರೂ ಮಾವನ ಕೋಣೆಗೆ ಬಂತು.

ಬೆಳಿಗ್ಗೆ ಮೇಷ್ಟ್ರು ಎಂದಿನಂತೆ ಕೋಣೆಯ ಬಾಗಿಲು ಬಿಗಿದುಕೊಂಡು ಕೂತರು. ಮೊದಲು ಮೀಟರನ್ನು ಕೋಣೆಯ ಗಾಳಿಗೆ ಹಿಡಿದು ಇಪ್ಪತ್ತೊಂದಕ್ಕೆ ಹೊಂದಿಸಿದರು. ಆಮೇಲೆ ಕಂಪ್ರೆಸರಿಗೆ ಹೋಗುವ ಗಾಳಿಗೆ ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಮೀಟರ್ ಮೂವತ್ತೆರಡು ತೋರಿಸಿದಲ್ಲಿಗೆ ನಿಲ್ಲಿಸಿ, ಸಿಲಿಂಡರುಗಳನ್ನು ತುಂಬಿದರು. ಈಚೆಗೆ ಆಮ್ಲಜನಕದ ನಲ್ಲಿಯನ್ನು ಮೊದಲಿಗಿಂತ ಹೆಚ್ಚು ತಿರುಗಿಸಬೇಕಾಗುತ್ತಿತ್ತು. ನಲ್ಲಿಗೆ ವಯಸ್ಸಾಯಿತು ಎಂದು ಅವರು ತೀರ್ಮಾನಿಸಿದ್ದರು. ವಯಸ್ಸಾದದ್ದು ನಲ್ಲಿಗೆ ಮಾತ್ರ ಎಂಬ ಧೈರ್ಯ ಅವರಿಗಿತ್ತು. ಪ್ರತಿ ಸಿಲಿಂಡರಿನ ಕತ್ತಿಗೂ 'ಮೂವತ್ತೆರಡು' ಎಂದು ಬರೆದ ಪಟ್ಟಿ ಅಂಟಿಸಿದರು. ಮಗ ತನ್ನದನ್ನೂ ಜೊತೆಯವರದನ್ನೂ ಗಾಡಿಗೆ ಹೇರಿಕೊಂಡು, ಕಪ್ಪೆಯ ದೋಣಿಗೆ ಹೊರಟುಹೋದ. ಕಪ್ಪೆ ಎಂದರೆ ದೋಣಿಯ ಯಜಮಾನ. ಅರ್ಧ ಆಯುಷ್ಯ ನೀರಿನಲ್ಲೇ ಕಳೆದವನು, ಮೇಷ್ಟ್ರ ಹಳೆಯ ಶಿಷ್ಯ.

ಸೊಸೆ ತನ್ನ ಪಾಲಿನ ಸಿಲಿಂಡರನ್ನು ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಲ್ಲಿಸಿಕೊಂಡು, ಚೀಲದಿಂದ ಮೀಟರ್ ತೆಗೆದು ಹಿಡಿದಳು. ಅವಳಿಗೆ ಅದು ಚಪ್ಪಲಿ ಹಾಕಿಕೊಂಡಷ್ಟೇ ಸಹಜ. ಕೈ ತೊಳೆಯಲು ಹೊರಗೆ ಬಂದ ಮೇಷ್ಟ್ರು ಅದನ್ನು ಕಂಡು ನಿಂತಲ್ಲೇ ನಿಂತರು. ಅತ್ತೆ ಬಡಿಸಿದ ಅನ್ನವನ್ನು ಸೊಸೆ ಮೂಸಿ ನೋಡಿದ ಹಾಗಾಯಿತು ಅವರಿಗೆ.

"ಮಾವ, ಇದು ಮೂವತ್ತೇಳು ತೋರಿಸ್ತಾ ಇದೆ" ಎಂದಳು ಸೊಸೆ.

"ಪಟ್ಟಿ ಓದೋಕೆ ಬರ್ತದಲ್ಲಮ್ಮ ನಿಂಗೆ?"

"ಪಟ್ಟಿಲಿ ಮೂವತ್ತೆರಡು ಅಂತಿದೆ. ಸಿಲಿಂಡರಲ್ಲಿ ಮೂವತ್ತೇಳಿದೆ."

"ನಿನ್ನ ಮೀಟರ್ ಕೆಟ್ಟಿದೆ. ಕೊಡಿಲ್ಲಿ" ಎಂದು ಮೇಷ್ಟ್ರು ಮೀಟರನ್ನೂ ಸಿಲಿಂಡರನ್ನೂ ಕೋಣೆಯೊಳಗೆ ಒಯ್ದರು. ಕೋಣೆಯ ಗಾಳಿಗೆ ಹಿಡಿದು ಮೀಟರನ್ನು ಇಪ್ಪತ್ತೊಂದಕ್ಕೆ ಹೊಂದಿಸಿ, ಮತ್ತೆ ಸಿಲಿಂಡರಿಗೆ ಹಿಡಿದರು. ಮೂವತ್ತೆರಡು. ಒಂದು ಕೂದಲೆಳೆ ಆಚೀಚೆ ಇಲ್ಲ. ಮೇಷ್ಟ್ರ ಮುಖ ಮೊರದಗಲವಾಯಿತು. ಉಪಕರಣವನ್ನು ಹೊಂದಿಸಲು ಬಾರದವರು ಉಪಕರಣ ಇಟ್ಟುಕೊಳ್ಳುವುದರಿಂದ ಆಗುವ ಅನಾಹುತಗಳ ಬಗ್ಗೆ ಅಲ್ಲೇ ಒಂದು ಸಣ್ಣ ಉಪನ್ಯಾಸ ಕೊಟ್ಟರು. ಸೊಸೆ ಆಕಳಿಸದೆ ಕೇಳಿ, ಅದೇ ಮೀಟರನ್ನು ತಿರುಗಿಸದೆ ಮುಟ್ಟದೆ ಹಿತ್ತಲಿಗೆ ತಂದು, ಬರಿಯ ಆಕಾಶಕ್ಕೆ ಹಿಡಿದಳು.

"ಮಾವ, ಹೊರಗಿನ ಗಾಳಿ ಹದಿನೆಂಟೂ ತೋರಿಸ್ತಾ ಇಲ್ಲ."

ಮೇಷ್ಟ್ರು ಬಂದು ನೋಡಿದರು. ಮೀಟರನ್ನು ತಟ್ಟಿದರು. ಮತ್ತೆ ನೋಡಿದರು. "ಬಂದರಿನ ಕಡೆಯಿಂದ ಹೊಗೆ ಬರ್ತಾ ಇದೆ. ಇಲ್ಲಿನ ಗಾಳಿನೇ ಕೆಟ್ಟಿದೆ" ಎಂದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಜಗತ್ತು ಕಂಡಿದೆ. ನಾಲ್ಕು ಕಾಲಿನ ಮೊಲಗಳೆಲ್ಲ ಅಂಗವಿಕಲವೆಂದು ವಾದಿಸಿದವರು ಮೇಷ್ಟ್ರೊಬ್ಬರೇ ಇರಬೇಕು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಮೀಟರ್ ಅರ್ಥವಾಗದಿದ್ದರೂ ಗಂಡ ಅರ್ಥವಾಗುತ್ತಿದ್ದ.

"ಅಂದ್ರೆ ಇಡೀ ಊರಿನ ಗಾಳಿ ತಪ್ಪು, ನಿಮ್ಮ ಕೋಣೆದೊಂದೇ ಸರಿ" ಎಂದಳು ಆಕೆ. "ನಾವೆಲ್ಲ ಇಷ್ಟು ದಿನ ಹೇಗೆ ಬದುಕಿದ್ವೋ ಕಾಣೆ."

ಸೊಸೆ ನಗಲಿಲ್ಲ. ಮೀಟರನ್ನು ಹೊರಗಿನ ಗಾಳಿಗೆ ಇಪ್ಪತ್ತೊಂದಕ್ಕೆ ಹೊಂದಿಸಿ, ಕೈಯಲ್ಲಿ ಹಿಡಿದುಕೊಂಡು ಕೋಣೆಯ ಹೊಸಿಲು ದಾಟಿದಳು. ಅಂಕಿ ಮೆಲ್ಲಗೆ ಏರತೊಡಗಿತು. ಇಪ್ಪತ್ತೆರಡು, ಇಪ್ಪತ್ಮೂರು; ಕೋಣೆಯ ನಡುವೆ, ಆಮ್ಲಜನಕದ ದೊಡ್ಡ ಸಿಲಿಂಡರಿನ ಪಕ್ಕ, ಇಪ್ಪತ್ತನಾಲ್ಕೂವರೆಗೆ ಬಂದು ನಿಂತಿತು. ಕಂಪ್ರೆಸರ್ ಓಡುತ್ತಿರಲಿಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ದೀಪದ ಸ್ವಿಚ್ಚಿಗೆ ಕೈ ಹಾಕಿದರು.

"ಸ್ವಿಚ್ ಮುಟ್ಟಬೇಡಿ ಮಾವ" ಎಂದಳು ಸೊಸೆ. "ಬಾಗಿಲು ಪೂರ್ತಿ ತೆಗೀರಿ."

ಅವಳು ದೊಡ್ಡ ಸಿಲಿಂಡರಿನ ವಾಲ್ವ್ ಮುಚ್ಚಿ, ಕಂಪ್ರೆಸರ್ ಕಡೆಯ ನಲ್ಲಿಯನ್ನೂ ಮುಚ್ಚಿ, ನಡುವಿನ ಒತ್ತಡದ ಗೇಜನ್ನು ಬೆರಳಿನಿಂದ ತೋರಿಸಿದಳು. ಎರಡೂ ಕಡೆ ಮುಚ್ಚಿದ ಮೇಲೆ ಮುಳ್ಳು ನಿಂತಲ್ಲೇ ನಿಲ್ಲಬೇಕು. ಅದು ಯಾರಿಗೂ ಹೇಳದೆ ಕೇಳದೆ ಕೆಳಗಿಳಿಯುತ್ತಾ ಬಂತು.

ಇನ್ನು ಮೇಷ್ಟ್ರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಅವರು ಜಂಬದವರೇ ಹೊರತು ದಡ್ಡರಲ್ಲ. ಜೋಡಣೆ ಸೋರುತ್ತಿತ್ತು, ನೊರೆ ಹಚ್ಚಿ ನೋಡಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಕಿಟಕಿ ತೆರೆದಿದ್ದರೆ ಸೋರಿದ್ದು ಹೊರಗೆ ಹೋಗುತ್ತಿತ್ತು. ಈಗ ಕೋಣೆಯಲ್ಲೇ ತುಂಬಿಕೊಂಡಿತ್ತು. ಆಮ್ಲಜನಕ ಹೆಚ್ಚಾದ ಆ ಗಾಳಿಗೆ ಮೀಟರ್ ಹಿಡಿದು, ಇದೇ ಇಪ್ಪತ್ತೊಂದು ಎಂದು ಅದಕ್ಕೆ ಕಲಿಸಿಕೊಟ್ಟವರು ಅವರೇ. ಮೀಟರ್ ಪಾಪ, ಹೇಳಿಕೊಟ್ಟದ್ದನ್ನು ಒಪ್ಪಿಸುವ ವಿದ್ಯಾರ್ಥಿ. ಮೂವತ್ತೇಳು ಬಂದಾಗಲೂ ಮೂವತ್ತೆರಡು ಎಂದು ವಿನಯದಿಂದ ಹೇಳಿತು. ಎಣ್ಣೆಗೆ ಹೆದರಿ ಎಣ್ಣೆಯ ಹೊಗೆಯನ್ನು ಹೊರಗಿಟ್ಟ ಮಹಾನುಭಾವರು, ಒಂದು ಕಿಡಿಗೆ ಕಾದು ಕೂತ ಕೋಣೆಯೊಳಗೆ ದಿನವೂ ಬಾಗಿಲು ಬಿಗಿದುಕೊಂಡು, ಮೋಟಾರ್ ಓಡಿಸುತ್ತಾ, ಹಾಯಾಗಿ ಕೂತಿದ್ದರು.

ಆಮೇಲೆ ಅವರಿಗೆ ಬೆಳಿಗ್ಗೆ ಹೋದ ಸಿಲಿಂಡರುಗಳ ನೆನಪಾಯಿತು. ಮಗ ಅಂದು ಇಳಿಯಬೇಕಿದ್ದ ಮುಳುಗಿದ ಬಾರ್ಜ್ ಇದ್ದದ್ದು ಮೂವತ್ತನಾಲ್ಕು ಮೀಟರ್ ಆಳದಲ್ಲಿ. ಮೂವತ್ತೆರಡಕ್ಕೆ ಅದು ಗಡಿ. ಮೂವತ್ತೇಳಕ್ಕೆ ಗಡಿ ಎಷ್ಟೋ ಮೇಲೆಯೇ ಮುಗಿಯುತ್ತಿತ್ತು.

"ಫೋನ್ ಮಾಡಿ ಮಾವ" ಎಂದಳು ಸೊಸೆ.

ಮೇಷ್ಟ್ರು ಅಲ್ಲಾಡಲಿಲ್ಲ. "ಒಂದ್ಸಲ ನನ್ನ ಮೀಟರನ್ನೂ ಹೊರಗೆ ತಂದು ನೋಡಿಬಿಡೋಣ. ಅವಸರದಲ್ಲಿ..." ಎಂದರು. ಹೇಳುವಾಗಲೇ ಅವರಿಗೆ ಗೊತ್ತಿತ್ತು, ನೋಡುವುದಕ್ಕೆ ಏನೂ ಉಳಿದಿಲ್ಲವೆಂದು. ಮಗನ ಭಯ ಎದೆಯಲ್ಲಿ ಕೂತಿತ್ತು; ಆದರೂ ಅದರ ಪಕ್ಕದಲ್ಲೇ, ನಾಚಿಕೆಯಿಲ್ಲದೆ, ಇನ್ನೊಂದು ಭಯವೂ ಕೂತಿತ್ತು. ಕಪ್ಪೆಗೆ ಫೋನ್ ಮಾಡಿ, ನಾನು ತುಂಬಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳಬೇಕಲ್ಲ ಎಂಬುದು. ಎರಡು ಭಯಗಳಲ್ಲಿ ಯಾವುದು ಮೊದಲು ಏಳಬೇಕೆಂದು ಅವರ ಕಾಲುಗಳು ಕಾದವು.

"ಅವನು ನೀರಿಗಿಳಿದ ಮೇಲೆ ನೋಡೋಣ ಬಿಡಿ, ಅವಸರ ಏನು" ಎಂದಳು ಹೆಂಡತಿ. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಆಡಿದ ಕೊಂಕುಮಾತುಗಳಲ್ಲಿ ಮೇಷ್ಟ್ರ ಚರ್ಮ ದಾಟಿ ಒಳಗೆ ಹೋದದ್ದು ಇದೊಂದೇ.

ಅವರು ಓಡಿದರು. ಓಡಿ, ಮೊದಲು ಕೈ ತೊಳೆದರು. ಯಾಕೆ ತೊಳೆದರೆಂದು ಅವರಿಗೂ ಗೊತ್ತಿಲ್ಲ. ಒದ್ದೆ ಬೆರಳಿಗೆ ಫೋನ್ ಜಾರಿತು, ಸೊಸೆ ಕಿತ್ತುಕೊಂಡು ನಂಬರ್ ಒತ್ತಿ ಕೊಟ್ಟಳು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ, ಎಂಜಿನ್ ಸದ್ದಿನ ನಡುವೆ ಕಪ್ಪೆಯ ದನಿ ಕೇಳಿತು.

"ಹೇಳಿ ಮೇಷ್ಟ್ರೇ."

"ನೋಡಪ್ಪ, ಇವತ್ತಿನ ಸಿಲಿಂಡರು..." ಮೇಷ್ಟ್ರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡರು. "ಅದರಲ್ಲಿ ಮೂವತ್ತೆರಡಲ್ಲ ಇರೋದು. ಮೂವತ್ತೇಳು. ನಂದೇ ತಪ್ಪು. ಯಾರೂ ಇಳೀಬೇಡಿ."

ಅತ್ತ ಕಡೆ ಆಶ್ಚರ್ಯವೇನೂ ಕೇಳಿಸಲಿಲ್ಲ. "ಮೂವತ್ತೇಳಾ? ಅಷ್ಟಾ?" ಎಂದ ಕಪ್ಪೆ. "ತಡೀರಿ, ನಮ್ಮದನ್ನ ಈಗಿನ್ನೂ ಅಳೀಬೇಕು ಅಂತಿದ್ದೆ. ಮೀಟರ್ ಕೈಲೇ ಇದೆ."

"ಅಳೀತೀರಾ?" ಎಂದರು ಮೇಷ್ಟ್ರು.

"ಅಳೀದೆ ಇರ್ತೀವಾ ಮೇಷ್ಟ್ರೇ? ಮೊದಲಿಂದ್ಲೂ ಎಲ್ಲರೂ ಅಳೀತೀವಿ. ನಿಮ್ಮ ಎದುರಿಗೆ ಬೇಡ, ನಿಮಗೆ ಬೇಜಾರಾಗ್ತದೆ ಅಂತ ದೋಣಿಗೆ ಬಂದು ಅಳೀತೀವಿ. ಈಚೆಗೆ ಒಂದೆರಡು ಜಾಸ್ತಿನೇ ಬರ್ತಾ ಇತ್ತು. ನಿಮ್ಮ ಪಟ್ಟಿ ಮೇಲೆ ನಮ್ಮದೊಂದು ಪಟ್ಟಿ ಅಂಟಿಸ್ಕೊಂಡು ಕೆಲಸ ಮುಗಿಸಿ, ವಾಪಸ್ ತರೋವಾಗ ಕಿತ್ತುಹಾಕ್ತಿದ್ವಿ. ನಿಮಗೆ ಹೇಳ್ಬೇಕು ಅಂತ ಮಾತಾಡ್ಕೊಂಡ್ವಿ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಅಲ್ಲಿಗೇ ನಿಂತೋಯ್ತು."

ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ನೋಡಬೇಕಾದವರು ಆಗ ಅಲ್ಲಿರಬೇಕಾಗಿತ್ತು. ಆದರೆ ಮೇಷ್ಟ್ರಿಗೆ ಅವಮಾನಪಡಲು ಪುರುಸೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಸಮಾಧಾನವೇ ಆಯಿತು. ಜೀವನದಲ್ಲಿ ಮೊದಲ ಸಲ, ಜನ ತಮ್ಮನ್ನು ನಂಬುವುದಿಲ್ಲವೆಂದು ತಿಳಿದು ಅವರ ಎದೆ ಹಗುರಾಯಿತು.

"ನನ್ನ ಮಗಂದೂ ಅಳೆದಿದೀಯಾ?" ಎಂದು ಕೇಳಿದರು.

ಅತ್ತ ಎಂಜಿನ್ ಸದ್ದು ನಿಂತಿತು.

"ಅವನು ಅಳೆಯೋಕೆ ಬಿಡಲ್ಲ ಮೇಷ್ಟ್ರೇ" ಎಂದ ಕಪ್ಪೆ. ದನಿ ಬದಲಾಗಿತ್ತು. "ಅವನು ಸೂಟ್ ಹಾಕ್ಕೊಳ್ಳೋವಾಗ ನಾನೇ ಕದ್ದು ಅಳೀತಿದ್ದೆ. ಇವತ್ತು ಎಂಜಿನ್ ಸತಾಯಿಸ್ತಾ ಇತ್ತು, ಅದರೊಳಗೆ ತಲೆ ಹಾಕ್ಕೊಂಡಿದ್ದೆ..."

"ಇಳಿದಿದ್ದಾನಾ?"

"ಈಗಷ್ಟೇ ಇಳಿದನಂತೆ, ನಾನು ನೋಡೇ ಇಲ್ಲ. ಹಗ್ಗ ನಮ್ಮ ಹುಡುಗರ ಕೈಲಿದೆ."

"ಎಳೀರಿ. ಮೇಲೆ ಕರೀರಿ ಅವನನ್ನ."

ನೀರಿನಡಿಯವನನ್ನು ಕರೆಯುವುದೆಂದರೆ ಹಗ್ಗವನ್ನು ಜಗ್ಗಿ ಸಂಜ್ಞೆ ಕೊಡುವುದು. ಅವನು ತಿರುಗಿ ಜಗ್ಗಿದರೆ ತಿಳಿಯಿತೆಂದು ಅರ್ಥ. ಕಪ್ಪೆ ಫೋನನ್ನು ಎಲ್ಲೋ ಇಟ್ಟ. ದೋಣಿಗೆ ಅಲೆ ಬಡಿಯುವುದು ಕೇಳುತ್ತಿತ್ತು. ಯಾರೋ "ಮೂವತ್ತರ ಗಂಟು ಹತ್ರ ಬಂತು" ಎಂದರು. ಹಗ್ಗಕ್ಕೆ ಆಳ ತಿಳಿಯಲೆಂದು ಗಂಟು ಹಾಕಿರುತ್ತಾರೆ; ಅದನ್ನು ಕಪ್ಪೆಗೆ ಕಲಿಸಿದವರು ತಾವೇ ಎಂಬುದು ಮೇಷ್ಟ್ರಿಗೆ ಆಗ ನೆನಪಾಗಲಿಲ್ಲ. ಕಪ್ಪೆ "ಜಗ್ಗು, ಇನ್ನೊಂದ್ಸಲ ಜಗ್ಗು" ಎಂದ. ಮತ್ತೆ ಅಲೆಯ ಸದ್ದು. ಸೊಸೆ ಮಾವನ ತೋಳನ್ನು ಹಿಡಿದುಕೊಂಡಿದ್ದಳು, ಅವಳ ಉಗುರು ನಾಟುತ್ತಿತ್ತು. ಹೆಂಡತಿ ನೆಲದ ಮೇಲೆ ಕೂತಿದ್ದಳು. ಮೇಷ್ಟ್ರಿಗೆ ಆ ಆಳದಲ್ಲಿ ಏನಾಗುತ್ತದೆಂದು ಇಂಚಿಂಚೂ ಗೊತ್ತಿತ್ತು. ಮೊದಲು ತುಟಿ ಅದುರುತ್ತದೆ, ಕಣ್ಣಿಗೆ ಸುರಂಗದೊಳಗೆ ನೋಡಿದಂತಾಗುತ್ತದೆ ಎಂದು ಸಾವಿರ ಸಲ ಪಾಠ ಹೇಳಿದವರು ಅವರು. ಗೊತ್ತಿರುವುದು ಎಂಥ ಶಿಕ್ಷೆಯೆಂದು ಪಾಠದಲ್ಲಿ ಇರಲಿಲ್ಲ.

"ಉತ್ತರ ಕೊಟ್ಟ" ಎಂದು ಯಾರೋ ಕೂಗಿದರು.

ಕಪ್ಪೆ ಫೋನಿಗೆ ಬಂದ. "ಮೇಲೆ ಬರ್ತಾ ಇದಾನೆ ಮೇಷ್ಟ್ರೇ. ನಿಧಾನಕ್ಕೆ ಬರ್ಬೇಕು, ನಿಮಗೇ ಗೊತ್ತಲ್ಲ. ಇಟ್ಟುಬಿಡ್ಲಾ?"

"ಇಡಬೇಡ" ಎಂದರು ಮೇಷ್ಟ್ರು. ಫೋನನ್ನು ಕಿವಿಗೊತ್ತಿಕೊಂಡು, ಹಿತ್ತಲಿನ ಮೆಟ್ಟಿಲ ಮೇಲೆ ಕೂತರು. ಕೊನೆಗೆ ನೀರು ಸುರಿಯುವ ಸದ್ದು, ಏದುಸಿರು, ಬೈಗುಳ ಕೇಳಿಸಿತು. ಬೈಗುಳ ಮಗನದೇ. ಹೆತ್ತವರ ಕಿವಿಗೆ ಬೈಗುಳ ಅಷ್ಟು ಇಂಪಾಗಿ ಎಂದೂ ಕೇಳಿರಲಿಕ್ಕಿಲ್ಲ.

"ಏನಪ್ಪಾ ಇದು? ಕೆಲಸ ಶುರು ಮಾಡೋ ಮುಂಚೆನೇ ಎಳೆಸಿಬಿಟ್ಯಲ್ಲ" ಎಂದ ಮಗ.

"ಮೈ ಹೇಗಿದೆ? ತುಟಿ ಅದುರ್ತಾ ಇದ್ಯಾ? ಕಣ್ಣು ಸರಿ ಕಾಣ್ತಾ ಇದ್ಯಾ?"

"ಎಲ್ಲ ಸರಿ ಇದೆ. ಏನಾಯ್ತು ಈಗ?"

"ಸಿಲಿಂಡರ್ ಅಳೆದಿದ್ಯಾ?"

"ನೀನು ತುಂಬಿದ್ದಲ್ವಾ ಅದು?"

"ಅಳೆದಿದ್ಯಾ ಅಂತ ಕೇಳ್ದೆ."

ಮಗ ದನಿ ತಗ್ಗಿಸಿ, ಪಕ್ಕದವರಿಗೆ ಕೇಳದ ಹಾಗೆ ಮಾತಾಡಿದ. "ಇಲ್ಲಿ ಎಲ್ಲರೂ ಅಳೀತಾರಪ್ಪ. ನಿಂಗೆ ಗೊತ್ತಿಲ್ಲ ಅಷ್ಟೇ. ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ. ನೀನು ಸಂಜೆ ಕಟ್ಟೆ ಮೇಲೆ ಕೂತ್ಕೊಂಡು, ನನ್ನ ಗಾಳಿನ ಯಾರೂ ಅಳೆಯಲ್ಲ ಅಂತ ಹೇಳ್ತೀಯಲ್ಲ, ಅದು ಪೂರ್ತಿ ಸುಳ್ಳಾಗಬಾರದು ಅಂತ ನಾನೊಬ್ಬ ಅಳೆಯಲ್ಲ. ಮಗನೂ ಅಳೆದ್ರೆ ನಿನ್ನ ಮಾನ ಎಲ್ಲುಳಿಯತ್ತೆ?"

ಮೇಷ್ಟ್ರು ಬಾಯಿ ತೆರೆದರು. ಯಾವ ವಿಷಯಕ್ಕಾದರೂ ಒಂದು ಉಪದೇಶ ಸಿದ್ಧವಿರುತ್ತಿದ್ದ ಬಾಯಿ ಅದು. ಈ ಸಲ ಅದರಿಂದ ಬಂದ ಬಿಕ್ಕಿನ ಸದ್ದು ಕೇಳಿ ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕೂತಳು, ಕೊಂಕು ಆಡಲಿಲ್ಲ.

"ಅಪ್ಪಾ? ಅಳ್ತಾ ಇದೀಯಾ?"

"ತಪ್ಪು ತುಂಬಿದೀನಿ ಕಣೋ" ಎಂದರು ಮೇಷ್ಟ್ರು. "ನನ್ನ ಮಾನ ಹಾಳಾಗಿ ಹೋಗ್ಲಿ. ನೀನು ಮನೆಗೆ ಬಾ."